ಬೀಳುವ ಕಲ್ಲಿನ ವ್ಯಾಕರಣ

ಕನ್ನಡದ ಅಧ್ಯಾಪಕನಿಗೆ ತರಗತಿಯಲ್ಲಿ ಎದುರಾಗುವ ಪ್ರಶ್ನೆಗಳು ಸಾಮಾನ್ಯವಾಗಿ ಅವನ ಎಲ್ಲೆಯನ್ನು ಮೀರುವುದಿಲ್ಲ. ಇದು ಯಾವ ಸಮಾಸ, ಅದು ಯಾವ ಅಲಂಕಾರ, ಈ ಪದ್ಯ ಪರೀಕ್ಷೆಗೆ ಬರುವುದೋ ಇಲ್ಲವೋ, ಇಷ್ಟೆ. ಕೆಲವು ತಿಂಗಳ ಹಿಂದೆ, ಪಾಠ ಮುಗಿದ ಮೇಲೆ, ವಿಜ್ಞಾನ ವಿಭಾಗದ ವಿದ್ಯಾರ್ಥಿಯೊಬ್ಬ ನನ್ನ ಮೇಜಿನ ಬಳಿ ಬಂದು ನಿಂತಾಗ ನಾನು ನಿರೀಕ್ಷಿಸಿದ್ದೂ ಅಂಥದೇ ಪ್ರಶ್ನೆಯನ್ನು. ಅವನು ಕೇಳಿದ್ದು ಬೇರೆ.

“ಸರ್, ವೇಗೋತ್ಕರ್ಷ ಎಂಬಲ್ಲಿ ಉತ್ಕರ್ಷ ಎಂದರೆ ಏರುವುದು ತಾನೆ?”

“ಹೌದಪ್ಪ. ವೇಗ, ಉತ್ಕರ್ಷ, ಗುಣಸಂಧಿ.”

“ಹಾಗಾದರೆ ಬಸ್ಸು ಬ್ರೇಕು ಹಾಕಿ ನಿಲ್ಲುವಾಗ ವೇಗ ಇಳಿಯುತ್ತದಲ್ಲ ಸರ್, ಅದನ್ನೂ ವೇಗೋತ್ಕರ್ಷ ಅಂತಲೇ ಏಕೆ ಲೆಕ್ಕ ಮಾಡುತ್ತಾರೆ?”

ಹುಡುಗ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು. ಈಗ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ‘ಆಕ್ಸಿಲರೇಷನ್’ ಎಂದು ಓದುತ್ತಿದ್ದಾನೆ. ಎರಡು ಮಾತುಗಳ ನಡುವೆ ನಿಂತು ಅರ್ಥವನ್ನು ಹುಡುಕುತ್ತಿದ್ದ. ಪ್ರಶ್ನೆ ನ್ಯಾಯವಾದದ್ದು, ಶಬ್ದಕ್ಕೆ ಸಂಬಂಧಪಟ್ಟದ್ದಾದ್ದರಿಂದ ಉತ್ತರಿಸಬೇಕಾದವನೂ ನಾನೇ. ಆದರೆ ನನ್ನಲ್ಲಿ ಉತ್ತರವಿರಲಿಲ್ಲ. “ನಾಳೆ ಹೇಳುತ್ತೇನೆ” ಎಂದೆ. ಉಪಾಧ್ಯಾಯರ ಬತ್ತಳಿಕೆಯಲ್ಲಿ ಸದಾ ಉಳಿದಿರುವ ಕೊನೆಯ ಬಾಣ ಅದು.

ಇಲ್ಲೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ನಾನು ಪ್ರೌಢಶಾಲೆಯಲ್ಲಿದ್ದಾಗ ಕಪ್ಪುಹಲಗೆಯ ಮೇಲೆ ಮೂರು ಸೂತ್ರಗಳನ್ನು ಬರೆದು, ಸುತ್ತಲೂ ಚೌಕಟ್ಟು ಎಳೆದು, ಬಾಯಿಪಾಠ ಮಾಡಿರೆಂದು ಹೇಳಿದ್ದರು. ಬಾಯಿಪಾಠ ಮಾಡಿದೆ. ಯಾವ ಲೆಕ್ಕಕ್ಕೆ ಯಾವ ಸೂತ್ರವೆಂಬುದು ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ. ಎರಡನೆಯ ಸೂತ್ರದಲ್ಲಿ ಎಲ್ಲಿಂದಲೋ ಬಂದು ಕುಳಿತಿದ್ದ ‘ಅರ್ಧ’ವಂತೂ ನನ್ನನ್ನು ಬಹಳ ಕಾಡಿತು. ಕನ್ನಡದ ಮೇಲಿನ ಪ್ರೀತಿಯಿಂದ ಎಂ.ಎ. ಮಾಡಿದೆನೆಂದು ನಾನು ಹೇಳಿಕೊಳ್ಳುವುದುಂಟು. ಅದು ಸುಳ್ಳಲ್ಲ, ಆದರೆ ಆ ಮೂರು ಸೂತ್ರಗಳ ಭಯಕ್ಕೂ ಅದರಲ್ಲಿ ಒಂದು ಪಾಲುಂಟು.

ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರಲ್ಲಿ ನನ್ನ ಸಂಕಟವನ್ನು ತೋಡಿಕೊಂಡೆ. ಅವರು ನಕ್ಕು, ಗೆಲಿಲಿಯೊನ ಒಂದು ಗ್ರಂಥದ ಇಂಗ್ಲಿಷ್ ಅನುವಾದವನ್ನು ಕೈಗಿತ್ತು, “ಇದರಲ್ಲಿ ಮೂರನೆಯ ದಿನದ ಸಂವಾದವನ್ನು ಓದಿ. ನಾಟಕದಂತಿದೆ, ನಿಮಗೆ ಹಿಡಿಸುತ್ತದೆ” ಎಂದರು. ಹಿಡಿಸಿತು. ನಾಳೆ ಹೇಳುತ್ತೇನೆಂದವನು ಹೇಳುವುದಕ್ಕೆ ಎರಡು ವಾರ ಹಿಡಿಯಿತು.

ಮೊದಲು ಹುಡುಗನ ಪ್ರಶ್ನೆಗೆ ಬರುತ್ತೇನೆ. ತೈಲವೆಂಬ ಶಬ್ದ ಹುಟ್ಟಿದ್ದು ತಿಲದಿಂದ, ಎಂದರೆ ಎಳ್ಳಿನಿಂದ. ಆದರೆ ನಾವು ಸಾಸಿವೆಯ ಎಣ್ಣೆಯನ್ನೂ ಸಂಕೋಚವಿಲ್ಲದೆ ತೈಲವೆನ್ನುತ್ತೇವೆ. ಹುಟ್ಟಿದ ಅರ್ಥ ಕಿರಿದು, ಬೆಳೆದ ಅರ್ಥ ಹಿರಿದು. ವೇಗೋತ್ಕರ್ಷದ ಕಥೆಯೂ ಹೀಗೆಯೇ. ವೇಗದ ಏರಿಕೆಗೆ ಇಟ್ಟ ಹೆಸರು ವೇಗದ ಬದಲಾವಣೆಗೆಲ್ಲ ವಿಸ್ತರಿಸಿತು. ಪ್ರತಿಯೊಂದು ಸೆಕೆಂಡಿಗೂ ವೇಗಕ್ಕೆ ಎಷ್ಟು ಕೂಡುತ್ತದೆ ಎಂಬುದೇ ವೇಗೋತ್ಕರ್ಷ. ಕೂಡುವುದು ಋಣಸಂಖ್ಯೆಯಾದರೆ ಕಳೆದಂತೆಯೇ ಆಯಿತು. ಲ್ಯಾಟಿನ್ ಮೂಲದ ‘ಆಕ್ಸಿಲರೇಷನ್’ ಕೂಡ ಹುಟ್ಟಿನಿಂದ ‘ತ್ವರೆಗೊಳಿಸು’ ಎಂಬ ಅರ್ಥದ ಶಬ್ದವೇ. ಆದುದರಿಂದ ದೋಷ ನಮ್ಮ ಅನುವಾದಕರದಲ್ಲ.

ಇನ್ನು ‘ಸಮ ವೇಗೋತ್ಕರ್ಷ’. ನಿಲ್ದಾಣದಿಂದ ಹೊರಟ ಬಸ್ಸಿನ ವೇಗ ಮೊದಲ ಸೆಕೆಂಡಿನ ಕೊನೆಗೆ ಸೆಕೆಂಡಿಗೆ 1 ಮೀಟರು, ಎರಡನೆಯದರ ಕೊನೆಗೆ 2 ಮೀಟರು, ಹೀಗೆ ಒಂದೇ ಸಮನೆ ಏರುತ್ತ ಹೋದರೆ ಅದು ಸಮ ವೇಗೋತ್ಕರ್ಷ. 10 ಸೆಕೆಂಡಿಗೆ ಬಸ್ಸು ಸೆಕೆಂಡಿಗೆ 10 ಮೀಟರಿನಂತೆ, ಎಂದರೆ ಗಂಟೆಗೆ 36 ಕಿಲೋಮೀಟರಿನಂತೆ ಓಡುತ್ತಿರುತ್ತದೆ. ನಿಜವಾದ ಬಸ್ಸು ಇಷ್ಟು ಶಿಸ್ತಿನಿಂದ ವರ್ತಿಸುವುದಿಲ್ಲ. ಆದರೆ ಕೈಬಿಟ್ಟ ಕಲ್ಲು, ಗಾಳಿಯ ಅಡ್ಡಿಯನ್ನು ಗಣಿಸದಿದ್ದರೆ, ಈ ಶಿಸ್ತನ್ನು ತಪ್ಪದೆ ಪಾಲಿಸುತ್ತದೆ. ಭೂಮಿಯ ಸೆಳೆತದಿಂದ ಅದರ ವೇಗ ಪ್ರತಿ ಸೆಕೆಂಡಿಗೂ ಸುಮಾರು 9.8 ಮೀಟರಿನಷ್ಟು ಏರುತ್ತದೆ. ಬಾಯಿಲೆಕ್ಕಕ್ಕೆ 10 ಎಂದಿಟ್ಟುಕೊಂಡರೆ ಅಡ್ಡಿಯಿಲ್ಲ.

ಈಗ ನನ್ನ ಹಳೆಯ ವೈರಿಗಳಾದ ಆ ಮೂರು ಸೂತ್ರಗಳನ್ನು ಅಕ್ಷರಗಳ ವೇಷ ಕಳಚಿ ವಾಕ್ಯಗಳಾಗಿ ಬರೆಯುತ್ತೇನೆ. ಒಂದು: ಆದಿವೇಗಕ್ಕೆ, ವೇಗೋತ್ಕರ್ಷವನ್ನು ಕಾಲದಿಂದ ಗುಣಿಸಿ ಕೂಡಿಸಿದರೆ ಅಂತ್ಯವೇಗ. ಎರಡು: ಆದಿವೇಗವನ್ನು ಕಾಲದಿಂದ ಗುಣಿಸಿ, ಅದಕ್ಕೆ ವೇಗೋತ್ಕರ್ಷ ಮತ್ತು ಕಾಲದ ವರ್ಗ ಇವುಗಳ ಗುಣಲಬ್ಧದ ಅರ್ಧವನ್ನು ಕೂಡಿಸಿದರೆ ಕ್ರಮಿಸಿದ ದೂರ. ಮೂರು: ಅಂತ್ಯವೇಗದ ವರ್ಗದಲ್ಲಿ ಆದಿವೇಗದ ವರ್ಗವನ್ನು ಕಳೆದರೆ ಉಳಿಯುವುದು, ವೇಗೋತ್ಕರ್ಷ ಮತ್ತು ದೂರಗಳ ಗುಣಲಬ್ಧದ ಇಮ್ಮಡಿ.

ಹೀಗೆ ಬರೆದು ನೋಡಿದಾಗ ವೈಯಾಕರಣನ ಕಣ್ಣಿಗೆ ಒಂದು ಸಂಗತಿ ಬಿತ್ತು. ಈ ಪ್ರಕರಣದಲ್ಲಿ ಪಾತ್ರಗಳು ಐದು: ಆದಿವೇಗ, ಅಂತ್ಯವೇಗ, ವೇಗೋತ್ಕರ್ಷ, ಕಾಲ, ದೂರ. ಪ್ರತಿಯೊಂದು ವಾಕ್ಯದಲ್ಲಿಯೂ ನಾಲ್ಕೇ ಪಾತ್ರಗಳಿವೆ, ಒಂದು ಗೈರುಹಾಜರು. ಮೊದಲನೆಯದರಲ್ಲಿ ದೂರವಿಲ್ಲ, ಎರಡನೆಯದರಲ್ಲಿ ಅಂತ್ಯವೇಗವಿಲ್ಲ, ಮೂರನೆಯದರಲ್ಲಿ ಕಾಲವಿಲ್ಲ. ಲೆಕ್ಕದಲ್ಲಿ ಯಾವುದನ್ನು ಕೊಟ್ಟಿಲ್ಲವೋ, ಕೇಳಿಯೂ ಇಲ್ಲವೋ, ಅದು ಗೈರುಹಾಜರಾದ ವಾಕ್ಯವನ್ನು ಆರಿಸಿಕೊಂಡರೆ ಸರಿ. ಇಷ್ಟನ್ನು ಯಾರಾದರೂ ಅಂದು ಹೇಳಿದ್ದರೆ ನಾನು ಇಂದು ಏನಾಗಿರುತ್ತಿದ್ದೆನೋ!

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೂತ್ರಗಳಲ್ಲ. ಅವುಗಳ ಹಿಂದಿರುವ ಒಂದು ತಪ್ಪು. ವೇಗ ‘ಒಂದೇ ಸಮನೆ’ ಏರುತ್ತದೆ ಎಂದೆವಲ್ಲ, ಯಾವುದಕ್ಕೆ ಸಮನಾಗಿ? ಸಮನಾದ ಕಾಲಗಳಲ್ಲಿಯೋ, ಸಮನಾದ ದೂರಗಳಲ್ಲಿಯೋ? ನಮಗೆ ಇದು ಕೇಳಬೇಕಾದ ಪ್ರಶ್ನೆಯೆಂದೇ ತೋರುವುದಿಲ್ಲ. ಪುಸ್ತಕ ‘ಕಾಲ’ ಎಂದು ಹೇಳಿ ಮುಗಿಸಿಬಿಟ್ಟಿದೆ. ಗೆಲಿಲಿಯೊನಿಗೆ ಹೇಳುವವರು ಯಾರೂ ಇರಲಿಲ್ಲ. ಅವನು ಆರಿಸಿಕೊಳ್ಳಬೇಕಾಗಿತ್ತು. ಮೊದಲ ಸಲ ಅವನ ಆಯ್ಕೆ ತಪ್ಪಾಯಿತು.

1604ರ ಅಕ್ಟೋಬರಿನಲ್ಲಿ, ಪಾದುವದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದ ಗೆಲಿಲಿಯೊ ವೆನಿಸ್ಸಿನ ವಿದ್ವಾಂಸ ಪಾವ್ಲೊ ಸಾರ್ಪಿಗೆ ಒಂದು ಪತ್ರ ಬರೆದ. ಆಗ ಅವನಿಗೆ ನಲವತ್ತು ವರ್ಷ. ಬೀಳುವ ವಸ್ತು ಕ್ರಮಿಸುವ ದೂರ ಕಾಲದ ವರ್ಗಕ್ಕೆ ಅನುಗುಣವಾಗಿದೆ ಎಂಬುದು ಅವನಿಗೆ ಆಗಲೇ ತಿಳಿದಿತ್ತು. ಎರಡು ಪಟ್ಟು ಕಾಲಕ್ಕೆ ನಾಲ್ಕು ಪಟ್ಟು ದೂರ, ಮೂರು ಪಟ್ಟು ಕಾಲಕ್ಕೆ ಒಂಬತ್ತು ಪಟ್ಟು. ಇದನ್ನೇ ಬಿಡಿಸಿ ಹೇಳುವುದಾದರೆ, ಮೊದಲ ಗಳಿಗೆಯಲ್ಲಿ ಒಂದು ಪಾಲು ಬಿದ್ದರೆ ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಐದು, ನಾಲ್ಕನೆಯದರಲ್ಲಿ ಏಳು. ಬೆಸಸಂಖ್ಯೆಗಳು ಸಾಲಾಗಿ ಮೆಟ್ಟಿಲಿಳಿದಂತೆ ಕಲ್ಲು ಇಳಿಯುತ್ತದೆ. ಇವೆಲ್ಲ ಸರಿ. ಆದರೆ ಇದಕ್ಕೆ ಮೂಲತತ್ತ್ವವೆಂದು ಅವನು ಹಿಡಿದದ್ದು, ಬೀಳುವ ವಸ್ತುವಿನ ವೇಗ ಅದು ಬಿದ್ದ ದೂರಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬ ಮಾತನ್ನು. ತೀರ್ಮಾನ ಸರಿ, ಆಧಾರ ತಪ್ಪು. ಉತ್ತರಪತ್ರಿಕೆಗಳನ್ನು ತಿದ್ದುವ ನಮಗೆ ಇಂಥವು ಅಪರಿಚಿತವಲ್ಲ.

ತಪ್ಪಿಗೆ ಕಾರಣವಿತ್ತು. ನೆಲದಲ್ಲಿ ಕಂಬ ಹೂಳಲು ಭಾರವಾದ ಗುಂಡನ್ನು ಮೇಲೆತ್ತಿ ಬೀಳಿಸುವ ಯಂತ್ರಗಳನ್ನು ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ. ಎರಡು ಪಟ್ಟು ಎತ್ತರದಿಂದ ಬೀಳಿಸಿದರೆ ಎರಡು ಪಟ್ಟು ಪೆಟ್ಟು. ಪೆಟ್ಟು ಹೆಚ್ಚುವುದು ವೇಗದಿಂದ. ಆದುದರಿಂದ ವೇಗವೂ ಎರಡು ಪಟ್ಟು. ಎಷ್ಟು ಸಹಜವಾದ ತರ್ಕ! ಆದರೆ ವೇಗ ನಿಜವಾಗಿ ದೂರಕ್ಕೆ ಅನುಗುಣವಾಗಿದ್ದರೆ, ಇನ್ನೂ ದೂರವನ್ನೇ ಕ್ರಮಿಸದ ಕಲ್ಲಿಗೆ ವೇಗವೂ ಇಲ್ಲ. ವೇಗವಿಲ್ಲದ್ದರಿಂದ ದೂರವನ್ನು ಕ್ರಮಿಸುವಂತೆಯೂ ಇಲ್ಲ. ಕೈಬಿಟ್ಟ ಕಲ್ಲು ಗಾಳಿಯಲ್ಲಿ ಹಾಗೆಯೇ ನಿಂತಿರಬೇಕಾಗುತ್ತದೆ.

ಪೀಸಾ ನಗರದ ವಾಲುಗೋಪುರದಿಂದ ಗೆಲಿಲಿಯೊ ಎರಡು ಗುಂಡುಗಳನ್ನು ಬೀಳಿಸಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದನ್ನು ಬರೆದವನು ಅವನ ಶಿಷ್ಯ ವಿವಿಯಾನಿ; ಗೆಲಿಲಿಯೊನ ಗ್ರಂಥಗಳಲ್ಲಿ ಅದರ ಪ್ರಸ್ತಾಪವಿಲ್ಲ. ಅವನು ವಿವರವಾಗಿ ಬರೆದಿರುವುದು ಗೋಪುರದ ವಿಷಯವನ್ನಲ್ಲ, ಒಂದು ಮರದ ತೊಲೆಯ ವಿಷಯವನ್ನು. ನೇರವಾಗಿ ಬೀಳುವ ವಸ್ತು ಕಣ್ಣಿಗೆ ಸಿಕ್ಕುವುದಿಲ್ಲ. ಆದುದರಿಂದ ಅವನು ಬೀಳುವಿಕೆಯನ್ನೇ ನಿಧಾನಗೊಳಿಸಿದ. ಸುಮಾರು ಹನ್ನೆರಡು ‘ಬ್ರಾಚ್ಚೊ’ ಉದ್ದದ ತೊಲೆ. ಬ್ರಾಚ್ಚೊ ಎಂದರೆ ತೋಳು. ನಮ್ಮ ಮೊಳದ ದಾಯಾದಿ, ಅದಕ್ಕಿಂತ ಕೊಂಚ ಉದ್ದ. ತೊಲೆಯ ಅಂಚಿನಲ್ಲಿ ಬೆರಳಗಲದ ನೇರವಾದ ಕಾಲುವೆ ಕೊರೆದು, ನಯವಾದ ಚರ್ಮಪಟವನ್ನು ಅಂಟಿಸಿ, ಒಂದು ತುದಿಯನ್ನು ಸ್ವಲ್ಪ ಎತ್ತಿ, ಕಂಚಿನ ಗುಂಡನ್ನು ಉರುಳಬಿಟ್ಟ.

ಕಾಲವನ್ನು ಅಳೆಯುವುದು ಹೇಗೆ? ಸೆಕೆಂಡಿನ ಮುಳ್ಳಿರುವ ಗಡಿಯಾರ ಅವನಿಗಿರಲಿಲ್ಲ. ನಮ್ಮ ಮದುವೆಯ ಮನೆಗಳಲ್ಲಿ ಮುಹೂರ್ತಕ್ಕಾಗಿ ನೀರಿನಲ್ಲಿ ತೇಲಿಬಿಡುತ್ತಿದ್ದ ಗಳಿಗೆ ಬಟ್ಟಲು ಮುಳುಗುವುದಕ್ಕೆ 24 ನಿಮಿಷ ಬೇಕು; ಗುಂಡು ಉರುಳುವುದು ಕೆಲವು ಸೆಕೆಂಡು. ಗೆಲಿಲಿಯೊನೂ ನೀರನ್ನೇ ಆಶ್ರಯಿಸಿದ, ಆದರೆ ಬೇರೆ ಬಗೆಯಲ್ಲಿ. ದೊಡ್ಡ ಪಾತ್ರೆಯ ತಳದ ಸಣ್ಣ ನಳಿಗೆಯಿಂದ ಎಳೆಯಾಗಿ ಸುರಿಯುವ ನೀರನ್ನು, ಗುಂಡು ಉರುಳುತ್ತಿರುವಷ್ಟು ಹೊತ್ತು ಮಾತ್ರ ಲೋಟದಲ್ಲಿ ಹಿಡಿದು ತಕ್ಕಡಿಯಲ್ಲಿ ತೂಗಿದ. ನೀರಿನ ತೂಕವೇ ಕಾಲದ ಅಳತೆ. ತೊಲೆಯ ಕಾಲುಭಾಗವನ್ನು ಉರುಳಲು ಬೇಕಾದ ಕಾಲ, ಇಡೀ ತೊಲೆಗೆ ಬೇಕಾದುದರ ಸರಿಯಾಗಿ ಅರ್ಧ. ಇಂಥ ಪ್ರಯೋಗಗಳನ್ನು ನೂರು ಸಲ ಮಾಡಿದೆವೆಂದು ಬರೆದಿದ್ದಾನೆ.

ನನ್ನನ್ನು ಕಾಡಿದ ‘ಅರ್ಧ’ ಇದಕ್ಕಿಂತಲೂ ಹಳೆಯದು. 14ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಪಂಡಿತರು, ಸಮನಾಗಿ ಏರುವ ವೇಗದಲ್ಲಿ ಕ್ರಮಿಸಿದ ದೂರವು ಆದಿ ಅಂತ್ಯಗಳ ನಡುವಣ ಸರಾಸರಿ ವೇಗದಲ್ಲಿ ಕ್ರಮಿಸಿದ ದೂರಕ್ಕೆ ಸಮ ಎಂದು ಕಂಡುಕೊಂಡಿದ್ದರು. ಅದೇ ಶತಮಾನದಲ್ಲಿ ಫ್ರಾನ್ಸಿನ ನಿಕೊಲ್ ಒರೆಮ್ ಅದನ್ನು ಚಿತ್ರವಾಗಿ ಬರೆದ. ಕಾಲವನ್ನು ಒಂದು ಅಡ್ಡಗೆರೆಯೆಂದುಕೊಳ್ಳಿ. ಒಂದೊಂದು ಕ್ಷಣದಲ್ಲಿಯೂ ಆ ಕ್ಷಣದ ವೇಗದಷ್ಟು ಎತ್ತರದ ಕಡ್ಡಿಯನ್ನು ನೆಡಿ. ವೇಗ ಬದಲಾಗದಿದ್ದರೆ ಕಡ್ಡಿಗಳೆಲ್ಲ ಸೇರಿ ಆಯತ. ಸೊನ್ನೆಯಿಂದ ಸಮನಾಗಿ ಏರಿದರೆ ತ್ರಿಕೋನ. ಆವರಿಸಿದ ಕ್ಷೇತ್ರವೇ ದೂರ. ತ್ರಿಕೋನವು ಆಯತದ ಅರ್ಧವಲ್ಲವೆ? ಎರಡನೆಯ ಸೂತ್ರವೆಂದರೆ ಆದಿವೇಗದ ಆಯತ, ಅದರ ತಲೆಯ ಮೇಲೆ ವೇಗೋತ್ಕರ್ಷದ ತ್ರಿಕೋನ. ಮನೆಯ ಗೋಡೆ, ಮೇಲೊಂದು ಇಳಿಜಾರಿನ ಸೂರು! ಇಷ್ಟು ವರ್ಷಗಳ ಮೇಲೆ ಆ ‘ಅರ್ಧ’ ತನ್ನ ಗುಟ್ಟನ್ನು ನನಗೆ ಬಿಟ್ಟುಕೊಟ್ಟಿತು. ಆದರೆ ಒರೆಮ್ ಮಹಾಶಯನಾಗಲಿ ಮರ್ಟನ್ನಿನ ಪಂಡಿತರಾಗಲಿ ಬೀಳುವ ಕಲ್ಲಿಗೆ ಇದನ್ನು ಹಚ್ಚಿ ಅಳೆದು ನೋಡಲಿಲ್ಲ. ಆ ಕೆಲಸ ಗೆಲಿಲಿಯೊನಿಗಾಗಿ ಕಾದಿತ್ತು.

ಮುಂದಿನ ಕೆಲವು ವರ್ಷಗಳಲ್ಲಿ ಅವನು ತನ್ನ ತಪ್ಪನ್ನು ಕಂಡುಕೊಂಡ. ವೇಗ ಸಮನಾಗಿ ಏರುವುದು ದೂರದೊಡನೆಯಲ್ಲ, ಕಾಲದೊಡನೆ. ಆದರೆ ಅದು ಪುಸ್ತಕವಾಗಿ ಹೊರಬರಲು 1638ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಭೂಮಿ ಚಲಿಸುತ್ತದೆಂದು ವಾದಿಸಿದ ಅಪರಾಧಕ್ಕಾಗಿ 1633ರಲ್ಲಿ ರೋಮಿನಲ್ಲಿ ವಿಚಾರಣೆ ನಡೆದು, ಫ್ಲಾರೆನ್ಸಿನ ಬಳಿಯ ಆರ್ಚೆತ್ರಿಯ ಮನೆಯಲ್ಲಿ ಅವನು ಬಂದಿಯಾಗಿದ್ದ. ಪುಸ್ತಕ ಅಚ್ಚಾದುದು ದೂರದ ಹಾಲೆಂಡಿನ ಲೈಡನ್ ನಗರದಲ್ಲಿ. ಅದು ಕೈಸೇರುವ ಹೊತ್ತಿಗೆ ಅವನ ಎರಡು ಕಣ್ಣುಗಳೂ ಪೂರ್ಣವಾಗಿ ಹೋಗಿದ್ದವು.

‘ಎರಡು ನೂತನ ವಿಜ್ಞಾನಗಳು’ ಎಂಬ ಆ ಗ್ರಂಥ ಸಾಹಿತ್ಯದ ವಿದ್ಯಾರ್ಥಿಗಳೂ ಓದಬೇಕಾದದ್ದು. ಅದು ಮೂವರ ಸಂವಾದ. ಗ್ರಂಥಕರ್ತನ ಲ್ಯಾಟಿನ್ ಪ್ರಬಂಧವನ್ನು ಒಬ್ಬ ಓದುತ್ತಾನೆ. ಅದರ ಮೇಲಿನ ಚರ್ಚೆ ಜನಭಾಷೆಯಾದ ಇಟಾಲಿಯನ್ನಿನಲ್ಲಿ. ಸಂಸ್ಕೃತ ಶ್ಲೋಕಕ್ಕೆ ಕನ್ನಡದಲ್ಲಿ ಟೀಕೆ ಬರೆಯುತ್ತಿದ್ದ ನಮ್ಮ ಹಿರಿಯರಿಗೆ ಈ ಕ್ರಮ ಪರಿಚಿತವೆನಿಸುತ್ತಿತ್ತು. ಮೂವರಲ್ಲಿ ಸಿಂಪ್ಲಿಚಿಯೊ ಕಲ್ಪಿತ ಪಾತ್ರ. ಸಾಲ್ವಿಯಾತಿ, ಸಾಗ್ರೆದೊ ಇಬ್ಬರೂ ಗೆಲಿಲಿಯೊನ ಆಪ್ತಮಿತ್ರರು. ಒಬ್ಬ 1614ರಲ್ಲಿ, ಇನ್ನೊಬ್ಬ 1620ರಲ್ಲಿ ತೀರಿಕೊಂಡಿದ್ದರು. ಮುದುಕನಾದ ಬಂದಿ ತನ್ನ ಸತ್ತ ಗೆಳೆಯರನ್ನು ಕರೆದು ಕೂರಿಸಿಕೊಂಡು ಮಾತನಾಡಿಸಿದ್ದಾನೆ.

ಮೂರನೆಯ ದಿನ ಸಮ ವೇಗೋತ್ಕರ್ಷದ ಲಕ್ಷಣವಾಕ್ಯ ಬರುತ್ತದೆ: ಸಮನಾದ ಕಾಲಗಳಲ್ಲಿ ಸಮನಾದ ವೇಗವನ್ನು ಪಡೆಯುವುದು. ಆಗ ಸಾಗ್ರೆದೊ, ಇದನ್ನು ಇನ್ನೂ ಸ್ಪಷ್ಟವಾಗಿ, ದೂರಕ್ಕೆ ಅನುಗುಣವಾಗಿ ವೇಗ ಹೆಚ್ಚುವುದು ಎನ್ನಬಹುದಲ್ಲವೆ ಎಂದು ಕೇಳುತ್ತಾನೆ. ಸಿಂಪ್ಲಿಚಿಯೊ ತಲೆದೂಗುತ್ತಾನೆ. ಸಾಲ್ವಿಯಾತಿ ಅವರನ್ನು ಜರೆಯುವುದಿಲ್ಲ. ತಪ್ಪಿನಲ್ಲಿ ತನಗೂ ಜೊತೆಗಾರರು ಸಿಕ್ಕಿದ್ದು ಸಮಾಧಾನವೆಂದೂ, ನಮ್ಮ ಗ್ರಂಥಕರ್ತನೇ ಕೆಲಕಾಲ ಈ ತಪ್ಪಿನಲ್ಲಿದ್ದುದಾಗಿ ಒಪ್ಪಿಕೊಂಡಿದ್ದಾನೆಂದೂ ಹೇಳಿ, ಆಮೇಲೆ ಅದನ್ನು ಖಂಡಿಸುತ್ತಾನೆ. ಈ ಪುಟವನ್ನು ನಾನು ಎರಡು ಸಲ ಓದಿದೆ. ಎಪ್ಪತ್ತನಾಲ್ಕು ವರ್ಷದ, ಜಗತ್ತೇ ಬಲ್ಲ ವಿದ್ವಾಂಸ, ಯಾರೂ ಕೇಳದಿದ್ದರೂ ತನ್ನ ಹಳೆಯ ತಪ್ಪನ್ನು ತನ್ನ ಶ್ರೇಷ್ಠ ಗ್ರಂಥದೊಳಗೆ ತಾನೇ ಇಟ್ಟಿದ್ದಾನೆ; ಓದುವವನೂ ಅಲ್ಲಿ ಎಡವಬಹುದೆಂದು ತಿಳಿದು, ಅಲ್ಲಿಯೇ ದೀಪ ಹಚ್ಚಿದ್ದಾನೆ.

ಆ ತಪ್ಪಿನಲ್ಲಿ ಕೊರತೆಯಾಗಿದ್ದುದು ಒಂದೇ ಒಂದು ಮಾತು ಎಂಬುದು ಮೂರನೆಯ ಸೂತ್ರವನ್ನು ನೋಡಿದರೆ ತಿಳಿಯುತ್ತದೆ. ದೂರಕ್ಕೆ ಅನುಗುಣವಾಗಿ ಹೆಚ್ಚುವುದು ವೇಗವಲ್ಲ, ವೇಗದ ವರ್ಗ. ಎರಡು ಪಟ್ಟು ಎತ್ತರದಿಂದ ಬಿದ್ದ ಗುಂಡಿನ ಪೆಟ್ಟು ಎರಡು ಪಟ್ಟಾದರೂ ವೇಗ ಸುಮಾರು 1.4 ಪಟ್ಟು ಮಾತ್ರ. ವೇಗ ಎರಡು ಪಟ್ಟಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು.

1604ರ ಆ ತಪ್ಪು ಇತಿಹಾಸದ ಮಾತೆಂದು ನಾನು ಭಾವಿಸಿದ್ದೆ. ಹುಡುಗನ ಬಸ್ಸಿನ ಲೆಕ್ಕವನ್ನು ಹಾಕಿ ನೋಡಿದಾಗ, ಅದು ಇಂದಿಗೂ ನಮ್ಮ ಹೆದ್ದಾರಿಗಳಲ್ಲಿ ಸಂಚರಿಸುತ್ತಿದೆಯೆಂದು ತಿಳಿಯಿತು. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರವೂ ಇಮ್ಮಡಿ ಎಂದೇ ನಾವೆಲ್ಲ ಒಳಗೊಳಗೆ ನಂಬಿದ್ದೇವೆ. ಬ್ರೇಕು ಹಾಕಿದ ವಾಹನದ ವೇಗ ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯುವುದೆಂದು ಇಟ್ಟುಕೊಳ್ಳಿ. ಗಂಟೆಗೆ 36 ಕಿಲೋಮೀಟರಿನಲ್ಲಿ ಬರುತ್ತಿದ್ದರೆ ಅದು 10 ಮೀಟರಿನಲ್ಲಿ ನಿಲ್ಲುತ್ತದೆ. 72ರಲ್ಲಿ ಬರುತ್ತಿದ್ದರೆ 20 ಮೀಟರಿನಲ್ಲಲ್ಲ, 40 ಮೀಟರಿನಲ್ಲಿ. ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೆ ಒಂದು ಸೆಕೆಂಡು ಹಿಡಿದರೆ ಅಷ್ಟರಲ್ಲಿ ಮೊದಲನೆಯದು ಇನ್ನೂ 10 ಮೀಟರು, ಎರಡನೆಯದು 20 ಮೀಟರು ಮುಂದೆ ಬಂದಿರುತ್ತದೆ. ಒಟ್ಟು ಒಂದಕ್ಕೆ 20 ಮೀಟರು, ಇನ್ನೊಂದಕ್ಕೆ 60. ರಸ್ತೆಗೆ ಓಡಿಬಂದ ಮಗು 20 ಮೀಟರು ದೂರದಲ್ಲಿದ್ದರೆ ನಿಧಾನದ ವಾಹನ ಅದರ ಮುಂದೆ ಬಂದು ನಿಂತಿರುತ್ತದೆ. ಅದೇ ಜಾಗದಲ್ಲಿ ವೇಗದ ವಾಹನದ ಬ್ರೇಕು ಆಗತಾನೆ ಹಿಡಿಯಲು ತೊಡಗಿರುತ್ತದೆ. ಅದರ ವೇಗ ಇನ್ನೂ 72!

ಗಂಟೆಗೆ 72 ಎಂದರೆ ಎಷ್ಟೆಂಬುದನ್ನೂ ಅದೇ ಸೂತ್ರ ಹೇಳುತ್ತದೆ. 20 ಮೀಟರು ಎತ್ತರದ ಮರದಿಂದ ಉದುರಿದ ತೆಂಗಿನಕಾಯಿ ಎರಡು ಸೆಕೆಂಡಿನಲ್ಲಿ ನೆಲ ಮುಟ್ಟುವಾಗ ಅದರ ವೇಗ ಅಷ್ಟಿರುತ್ತದೆ. ಗಂಟೆಗೆ 36ರ ವೇಗವಾದರೆ 5 ಮೀಟರಿನಿಂದ ಬಿದ್ದಂತೆ. ಮರ ಹತ್ತಿದವನು ಕೆಳಗೆ ನೋಡಿ ಹೆದರುತ್ತಾನೆ. ವಾಹನದಲ್ಲಿ ಕುಳಿತವನಿಗೆ ಆ ಎತ್ತರ ಕಾಣಿಸುವುದಿಲ್ಲ.

ಎರಡು ವಾರಗಳ ಮೇಲೆ ಹುಡುಗನನ್ನು ಕರೆದು ಇವನ್ನೆಲ್ಲ ಹೇಳಿದೆ. ತೈಲದ ದೃಷ್ಟಾಂತಕ್ಕೆ ಅವನು ಸುಮ್ಮನೆ ತಲೆಯಾಡಿಸಿದ. 1604ರ ಪತ್ರದ ಮಾತು ಬಂದಾಗ ಮುಖವೆತ್ತಿದ.

“ಗೆಲಿಲಿಯೊಗೂ ಮೊದಲು ತಪ್ಪಾಗಿತ್ತಾ ಸರ್? ನಮ್ಮ ಪುಸ್ತಕದಲ್ಲಿ ಅದು ಇಲ್ಲವಲ್ಲ.”

ಇಲ್ಲ, ಇರಬೇಕಾಗಿತ್ತು. ಸರಿಯುತ್ತರವನ್ನು ಮಾತ್ರ ಕಲಿಸಿದಾಗ, ಅರ್ಥವಾಗದ ಮಗು ದಡ್ಡತನ ತನ್ನದೆಂದುಕೊಳ್ಳುತ್ತದೆ. ಗೆಲಿಲಿಯೊನೇ ಇಲ್ಲಿ ಕೆಲವು ವರ್ಷ ತಡವರಿಸಿದನೆಂದು ತಿಳಿದಿದ್ದರೆ ನಾನು ಆ ಸೂತ್ರಗಳಿಗೆ ಹೆದರಿ ಓಡುತ್ತಿರಲಿಲ್ಲ. ಕನ್ನಡಕ್ಕೆ ಹೇಗಿದ್ದರೂ ಬರುತ್ತಿದ್ದೆ. ಆದರೆ ಓಡಿ ಬರುತ್ತಿರಲಿಲ್ಲ, ನಡೆದು ಬರುತ್ತಿದ್ದೆ.

ಬ್ರೇಕಿನ ಲೆಕ್ಕವನ್ನು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಪ್ಪ ಬಸ್ಸು ಓಡಿಸುತ್ತಾರೆ ಸರ್. ಮುಂದಿನ ಗಾಡಿಗೂ ತಮಗೂ ನಡುವೆ ತುಂಬ ಜಾಗ ಬಿಡುತ್ತಾರೆ. ಜನ ಬೈಯುತ್ತಾರೆ” ಎಂದ.

ಕಳೆದ ವಾರ ಕನ್ನಡದ ನೋಟುಪುಸ್ತಕಗಳು ತಿದ್ದುವುದಕ್ಕೆ ಬಂದವು. ಅವನ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ಲೆಕ್ಕವಿತ್ತು. ವೇಗ 36, 72, 108. ಬ್ರೇಕು ಹಿಡಿದ ಮೇಲೆ ನಿಲ್ಲುವ ದೂರ 10, 40, 90. ಕೆಳಗೆ ಒಂದರಿಂದೊಂದನ್ನು ಕಳೆದು ಬರೆದಿದ್ದ: 10, 30, 50. ಒಂದು, ಮೂರು, ಐದು, ಗೆಲಿಲಿಯೊನ ಬೆಸಸಂಖ್ಯೆಗಳು. ಅದನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಕೆಂಪು ಶಾಯಿಯಲ್ಲಿ ಸರಿ ಎಂದು ಗುರುತು ಹಾಕಿದೆ. ಇಷ್ಟು ವರ್ಷಗಳ ಅಧ್ಯಾಪನದಲ್ಲಿ ನಾನು ತಿದ್ದಿದ ಮೊದಲ ಭೌತಶಾಸ್ತ್ರದ ಲೆಕ್ಕ ಅದು.